ಚಳಿಗಾಲದ ತರಕಾರಿ ತೋಟ: ಕೊಟ್ಟಿಗೆಯಿಂದಲೇ ಲೆಕ್ಕ ಹಾಕಿ



ದನದ ಡಾಕ್ಟರಿಗೆ ತರಕಾರಿ ತೋಟದ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಹಸುವಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು ಎಂದು ಹೇಳಿದರೆ ನನ್ನ ಕೆಲಸ ಮುಗಿಯಿತು ಎಂಬ ಭಾವನೆ ನನ್ನದಾಗಿತ್ತು. ಮಾರ್ಗಶಿರ ಮಾಸದ ಒಂದು ರಾತ್ರಿ ಆ ಭಾವನೆ ಹೋಯಿತು.

ಅಂದು ರಾತ್ರಿ ಸುಮಾರು ಒಂಬತ್ತು ಗಂಟೆಗೆ ನಮ್ಮ ಸದಸ್ಯರೊಬ್ಬರ ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಎರಡು ಮಿಶ್ರತಳಿ ಹಸುಗಳಿಗೂ ಬಾಯಲ್ಲಿ ಜೊಲ್ಲು ಹಗ್ಗದಂತೆ ಇಳಿಯುತ್ತಿದೆ, ಮೈ ಅದುರುತ್ತಿದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದೆ. ಒಂದಕ್ಕೆ ಆಗಲೇ ಉಸಿರಾಡಲು ಕಷ್ಟವಾಗಿತ್ತು. ಕೀಟನಾಶಕ ಹೊಟ್ಟೆ ಸೇರಿದ ಲಕ್ಷಣಗಳಿವು. ಆದರೆ ಮನೆಯವರು ಯಾವ ಔಷಧಿಯೂ ದನದ ಬಳಿ ಇರಲಿಲ್ಲ ಎಂದರು. "ಏನು ಮೇವು ಹಾಕಿದಿರಿ ತಾಯಿ?" ಎಂದು ಕೇಳಿದೆ. "ಹಿತ್ತಲಿನ ಕೋಸಿನ ಎಲೆ ಹಾಕಿದ್ದು ಅಷ್ಟೆ ಡಾಕ್ಟ್ರೇ, ನೀವೇ ಹೇಳಿದ್ರಲ್ಲ ಒಳ್ಳೆ ಮೇವು ಅಂತ" ಎಂದರು ಆ ತಾಯಿ. ಹೊಲದ ಟೊಮೆಟೊಗೆ ಹೊಡೆದು ಉಳಿದಿದ್ದ ಔಷಧಿಯನ್ನು ಯಜಮಾನರು ಹಿಂದಿನ ದಿನ ಹಿತ್ತಲಿನ ಕೋಸಿಗೂ ಹೊಡೆದಿದ್ದರು. ಹೆಂಡತಿಗೆ ಅದು ಗೊತ್ತಿರಲಿಲ್ಲ.

ಅಟ್ರೋಪಿನ್ ಚುಚ್ಚುಮದ್ದಿನಿಂದ ಒಂದು ಹಸು ಉಳಿಯಿತು. ಇನ್ನೊಂದು ಬೆಳಗಿನ ಜಾವ ಸತ್ತಿತು. ಅದೇ ಗಿಡದ ಕೋಸು ಪಲ್ಯವಾಗಿ ಒಲೆಯ ಮೇಲಿತ್ತು. ಮನೆಯಲ್ಲಿ ಇನ್ನೂ ಯಾರೂ ಊಟ ಮಾಡಿರಲಿಲ್ಲ.

ಕೋಸಿನ ಎಲೆ ಒಳ್ಳೆಯ ಮೇವು ಎಂದು ಸಂಘದ ಸಭೆಯಲ್ಲಿ ಹೇಳಿದವನು ನಾನೇ. ಅದಕ್ಕೆ ಔಷಧಿ ಹೊಡೆಯುತ್ತೀರಾ ಎಂದು ಕೇಳಿರಲಿಲ್ಲ. ಹಾಲು ಉತ್ಪಾದಕರ ಮನೆಯಲ್ಲಿ ಕೊಟ್ಟಿಗೆ ಮತ್ತು ಹಿತ್ತಲು ಬೇರೆ ಬೇರೆಯಲ್ಲ. ಕೊಟ್ಟಿಗೆಯ ಗೊಬ್ಬರ, ಗಂಜಲ, ತೊಳೆದ ನೀರು ಹಿತ್ತಲಿಗೆ ಹೋಗುತ್ತದೆ. ಹಿತ್ತಲಿನ ಎಲೆ, ಬಳ್ಳಿ, ಸಿಪ್ಪೆ ಗೋದಲಿಗೆ ಬರುತ್ತದೆ. ಆದ್ದರಿಂದ ತೋಟದ ಯೋಜನೆಯನ್ನು ಕೊಟ್ಟಿಗೆಯಿಂದಲೇ ಶುರು ಮಾಡಬೇಕು ಎಂಬುದು ಈ ಲೇಖನದ ಉದ್ದೇಶ.

ಎಷ್ಟು ಜಾಗ?

ಒಬ್ಬ ವಯಸ್ಕರಿಗೆ ದಿನಕ್ಕೆ ಸುಮಾರು 300 ಗ್ರಾಂ ತರಕಾರಿ, ಸೊಪ್ಪು ಬೇಕೆಂದು ಆಹಾರ ತಜ್ಞರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕೆಜಿ ಆಯಿತು. ಬೆಳಿಗ್ಗೆ ಸಂಜೆ ಹತ್ತು ಲೀಟರ್ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ವಾರಕ್ಕೆ ಇಷ್ಟು ತರಕಾರಿ ಬೇಯುವುದಿಲ್ಲ ಎಂಬುದು ಹಳ್ಳಿ ಹಳ್ಳಿ ತಿರುಗುವ ನಮಗೆ ತಿಳಿದ ವಿಷಯ. ಸಂತೆಯ ದಿನ ತಂದದ್ದು ಮೂರು ದಿನಕ್ಕೆ ಮುಗಿಯುತ್ತದೆ, ಆಮೇಲೆ ಹುರುಳಿ ಸಾರು, ಉಪ್ಪಿನಕಾಯಿ.

ಇಡೀ ವರ್ಷದ ತರಕಾರಿಯೆಲ್ಲ ಮನೆಯಲ್ಲೇ ಆಗಬೇಕಾದರೆ ಎರಡು ಎರಡೂವರೆ ಗುಂಟೆ ಬೇಕು. ಮೊದಲ ವರ್ಷವೇ ಅಷ್ಟಕ್ಕೆ ಕೈ ಹಾಕಬೇಡಿ. ಕಾರಣ ನೀರು.

ಲೆಕ್ಕ ನೋಡಿ. ತರಕಾರಿಗೆ ಗುಂಟೆಗೆ ಸುಮಾರು 250 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಒಂದು ಮಿಶ್ರತಳಿ ಹಸು ದಿನಕ್ಕೆ 15ರಿಂದ 20 ಕೆಜಿ ಸಗಣಿ ಹಾಕುತ್ತದೆ. ಎರಡು ಹಸು ಇರುವ ಮನೆಗೆ ಗೊಬ್ಬರದ ಚಿಂತೆಯೇ ಇಲ್ಲ, ಹಿತ್ತಲಿಗೆ ಕೊಟ್ಟು ಹೊಲಕ್ಕೂ ಉಳಿಯುತ್ತದೆ. ಆದರೆ ಒಂದು ಗುಂಟೆ ನೆಲಕ್ಕೆ ಒಂದು ಅಂಗುಲ ನೀರು ನಿಲ್ಲಿಸಬೇಕಾದರೆ 2,500 ಲೀಟರ್ ಬೇಕು. ಮಳೆ ನಿಂತ ಮೇಲೆ ಚಳಿಗಾಲದಲ್ಲೂ ವಾರಕ್ಕೆ ಇಷ್ಟು ಬೇಕಾಗುತ್ತದೆ. ಎರಡು ಹಸುವಿನ ಮೈ ತೊಳೆದು, ನೆಲ ತೊಳೆದು ಹರಿದುಹೋಗುವ ನೀರು ದಿನಕ್ಕೆ ನೂರು ಲೀಟರ್ ಎಂದಿಟ್ಟುಕೊಂಡರೆ ವಾರಕ್ಕೆ 700 ಲೀಟರ್. ಬಚ್ಚಲು, ಪಾತ್ರೆ ತೊಳೆದ ನೀರು ಸೇರಿದರೆ ಹನ್ನೆರಡು ನೂರರ ಹತ್ತಿರ ಬಂದೀತು. ಅಂದರೆ ಗೊಬ್ಬರ ಐದಾರು ಗುಂಟೆಗೆ ಆಗುವಷ್ಟಿದ್ದರೂ ಕೊಳವೆಬಾವಿಯ ಹಂಗಿಲ್ಲದೆ ಸಾಕಬಹುದಾದದ್ದು ಅರ್ಧ ಗುಂಟೆ ಮಾತ್ರ. ಅಷ್ಟನ್ನೇ ಮೊದಲು ಮಾಡಿ.

ಜಾಗ ಕೊಟ್ಟಿಗೆಗಿಂತ ತಗ್ಗಿನಲ್ಲಿರಲಿ, ನೀರು ತಾನಾಗಿ ಹರಿದು ಬರುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಹುಣಸೆ, ಹೊಂಗೆ ಮರದ ನೆರಳಲ್ಲಿ ಸೊಪ್ಪು ಬಂದೀತೇ ಹೊರತು ಕೋಸು ಬರುವುದಿಲ್ಲ. ಬೇಲಿ ಗಟ್ಟಿಯಾಗಿರಲಿ. ನಮ್ಮ ಹಸುಗಳೇ ಈ ತೋಟದ ಮೊದಲ ಶತ್ರು. ಬೇಲಿ ಸಾಲಿನಲ್ಲಿ ಹರಳು ಗಿಡ ಇದ್ದರೆ ಕಿತ್ತು ಹಾಕಿ, ಅದರ ಬೀಜ ದನಕ್ಕೂ ಮಕ್ಕಳಿಗೂ ವಿಷ.

ಮಡಿಗಳ ಹಂಚಿಕೆ

ಮೂವತ್ತು ಅಡಿಗೆ ಹದಿನೆಂಟು ಅಡಿ ಜಾಗ ಅರ್ಧ ಗುಂಟೆಯಾಗುತ್ತದೆ. ಇದರಲ್ಲಿ ನಾಲ್ಕು ಅಡಿ ಅಗಲ, ಹದಿನಾರು ಅಡಿ ಉದ್ದದ ಆರು ಮಡಿ ಮಾಡಿ, ನಡುವೆ ಒಂದೊಂದು ಅಡಿ ಕಾಲುದಾರಿ ಬಿಡಿ. ನಾಲ್ಕು ಅಡಿಗಿಂತ ಅಗಲ ಬೇಡ, ಎರಡೂ ಕಡೆಯಿಂದ ಕೈ ನಿಲುಕಬೇಕು. ಚಿತ್ತೆ, ಸ್ವಾತಿ ಮಳೆ ಜೋರಾಗಿ ಬಂದರೆ ಬೇರು ಕೊಳೆಯದಂತೆ ಮಡಿಯನ್ನು ನಾಲ್ಕಾರು ಅಂಗುಲ ಏರಿಸಿರಬೇಕು.

ಮೊದಲನೆಯ ಮಡಿ ಸೊಪ್ಪಿಗೆ. ಮೆಂತ್ಯ, ಕೊತ್ತಂಬರಿ, ಪಾಲಕ್, ದಂಟು, ಸಬ್ಬಸಿಗೆ. ಇಡೀ ಮಡಿಗೆ ಒಂದೇ ದಿನ ಬಿತ್ತುವುದು ಎಲ್ಲರೂ ಮಾಡುವ ತಪ್ಪು. ಆಗ ಒಂದೇ ವಾರ ಮನೆಗೆ, ನೆಂಟರಿಗೆ, ನೆರೆಯವರಿಗೆಲ್ಲ ಸೊಪ್ಪು, ಆಮೇಲೆ ಖಾಲಿ ಮಡಿ. ಮೂರು ಭಾಗ ಮಾಡಿ ಹದಿನೈದು ದಿನಕ್ಕೊಂದರಂತೆ ಬಿತ್ತಿ. ಮೆಂತ್ಯ 25–30 ದಿನಕ್ಕೆ, ಕೊತ್ತಂಬರಿ 35–40 ದಿನಕ್ಕೆ ಕೈಗೆ ಬರುತ್ತವೆ. ಧನಿಯವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕೆಂದು ತಮಗೆ ಗೊತ್ತೇ ಇದೆ.

ಎರಡನೆಯದು ಮೂಲಂಗಿ ಮತ್ತು ನವಿಲುಕೋಸು. ಹೊಸಬರಿಗೆ ಧೈರ್ಯ ಕೊಡುವ ಬೆಳೆಗಳಿವು. ಮೂಲಂಗಿ 45–50 ದಿನಕ್ಕೆ ಬರುತ್ತದೆ, ನವಿಲುಕೋಸು ನಾಟಿ ಮಾಡಿದ 50–60 ದಿನಕ್ಕೆ. ಎರಡನ್ನೂ ಎಳೆಯದಿದ್ದಾಗಲೇ ಕೀಳಬೇಕು, ಬಲಿತರೆ ನಾರು.

ಮೂರನೆಯ ಮಡಿಯಲ್ಲಿ ಎಲೆಕೋಸು ಮತ್ತು ಹೂಕೋಸು. ಒಂದೂವರೆ ಅಡಿ ಅಂತರದಲ್ಲಿ ಮೂರು ಸಾಲು, ಸಾಲಿಗೆ ಹತ್ತು ಗಿಡ. ಅರ್ಧ ಅದು, ಅರ್ಧ ಇದು. ಹೂಕೋಸಿನ ಬೀಜ ಕೊಳ್ಳುವಾಗ ಮಾತ್ರ ಎಚ್ಚರಿಕೆ ಬೇಕು. ಬೇಗ ಬಿತ್ತುವ ತಳಿ, ತಡವಾಗಿ ಬಿತ್ತುವ ತಳಿ ಎಂದು ಬೇರೆ ಬೇರೆ ಇವೆ. ಬೇಗ ಬಿತ್ತುವ ತಳಿಯನ್ನು ತಡವಾಗಿ ಬಿತ್ತಿದರೆ ಹೂವು ಗುಂಡಿಯಷ್ಟಾಗಿ ನಿಲ್ಲುತ್ತದೆ. ತಡವಾದ ತಳಿಯನ್ನು ಸೆಕೆಯಲ್ಲೇ ಬಿತ್ತಿದರೆ ಬರೀ ಎಲೆ. "ಗೊಬ್ಬರ ಸಾಲದು" ಎಂದು ಆಮೇಲೆ ಯೂರಿಯಾ ಸುರಿದು ಪ್ರಯೋಜನವಿಲ್ಲ.

ನಾಲ್ಕನೆಯದು ಟೊಮೆಟೊ, ಎರಡು ಸಾಲು, ಎರಡಡಿಗೊಂದು ಗಿಡ, ಹದಿನಾರು ಗಿಡ. ಕೋಲು ಕೊಟ್ಟು ಕಟ್ಟಬೇಕು. ಐದನೆಯದು ಹುರುಳಿಕಾಯಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ತಳಿಗೆ ಚಪ್ಪರ ಬೇಡ, ಗಿಡ್ಡವಾಗಿ ನಿಂತು ಕಾಯಿ ಬಿಡುತ್ತದೆ. ಆರನೆಯ ಮಡಿಯಲ್ಲಿ ಅಡಿಗೊಂದು ಸಾಲಿನಂತೆ ಕ್ಯಾರೆಟ್, ಬೀಟ್‌ರೂಟ್. ಇವನ್ನು ನೇರವಾಗಿ ಬಿತ್ತಿ, ಮೊಳೆತ ಮೇಲೆ ಮೂರು ಅಂಗುಲಕ್ಕೊಂದು ಬಿಟ್ಟು ಉಳಿದದ್ದನ್ನು ಕೀಳಬೇಕು. ಮೊಳೆತದ್ದನ್ನು ಕೀಳಲು ಮನಸ್ಸು ಬಾರದೆ ಬಿಟ್ಟವರ ಮಡಿಯಲ್ಲಿ ಇಲಿಬಾಲದಂಥ ಕ್ಯಾರೆಟ್ ನೋಡಿದ್ದೇನೆ.

ಬಟಾಣಿಗೆ ನಿಜವಾದ ಚಳಿ ಬೇಕು, ಚಳಿ ಕಡಿಮೆಯಿರುವ ಹೋಬಳಿಗಳವರು ಅದರ ಆಸೆ ಬಿಡುವುದು ಲೇಸು. ಅವರೆಯ ಮಾತನ್ನು ನಾನು ಎತ್ತಿಲ್ಲ. ಅದು ಆಗಲೇ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹೂವಾಗುತ್ತಿರುತ್ತದೆ.

ಕಾಲ

ಉತ್ತರೆ ಮಳೆಯಲ್ಲಿ, ಅಂದರೆ ಸೆಪ್ಟೆಂಬರ್ ಎರಡನೆಯ ಭಾಗದಲ್ಲಿ ಒಟ್ಟಲು ಬಿಡಬೇಕು. ಕೋಸು, ಹೂಕೋಸು, ನವಿಲುಕೋಸು, ಟೊಮೆಟೊ ಸಸಿಗಳು ನಾಲ್ಕು ವಾರಕ್ಕೆ ಸಿದ್ಧವಾಗುತ್ತವೆ. ಬದನೆ, ಮೆಣಸಿನಕಾಯಿಗೆ ಇನ್ನೊಂದು ವಾರ ಹೆಚ್ಚು. ಚಿತ್ತೆ ಮಳೆಯಲ್ಲಿ, ಅಕ್ಟೋಬರ್ ಮಧ್ಯದಲ್ಲಿ ನಾಟಿ. ಬೇರು ತರಕಾರಿ, ಹುರುಳಿಕಾಯಿ, ಸೊಪ್ಪಿನ ಬೀಜ ಬಿತ್ತುವುದೂ ಆಗಲೇ. ಹೀಗೆ ಮಾಡಿದರೆ ದೀಪಾವಳಿ ಕಳೆಯುತ್ತಲೇ ಸೊಪ್ಪು, ಆಮೇಲೆ ಮೂಲಂಗಿ, ಡಿಸೆಂಬರಿನಲ್ಲಿ ಹುರುಳಿಕಾಯಿ, ಟೊಮೆಟೊ, ಸಂಕ್ರಾಂತಿಯ ಹೊತ್ತಿಗೆ ಕೋಸು, ಕ್ಯಾರೆಟ್.

ಮೂರು ಅಡಿ ಉದ್ದ, ಮೂರು ಅಡಿ ಅಗಲದ ಸಸಿಮಡಿ ಇಷ್ಟಕ್ಕೆ ಧಾರಾಳ. ಕಳಿತ ಗೊಬ್ಬರವನ್ನು ಜರಡಿ ಹಿಡಿದು ಮಣ್ಣಿಗೆ ಬೆರೆಸಿ, ಅಂಗೈ ಎತ್ತರ ಏರಿಸಿ, ಗೆರೆ ಎಳೆದು ತೆಳುವಾಗಿ ಬಿತ್ತಿ. ದಟ್ಟವಾಗಿ ಬಿತ್ತಿ ನೀರು ಹೆಚ್ಚು ಕೊಟ್ಟರೆ ಸಸಿಗಳು ಬುಡದಲ್ಲಿ ಕೊಳೆತು ಮಲಗುತ್ತವೆ. ಮೇಲೆ ರಾಗಿ ಹುಲ್ಲು ಹೊದಿಸಿ, ಮೊಳಕೆ ಕಂಡ ದಿನವೇ ತೆಗೆಯಿರಿ. ನಾಟಿಗೆ ಐದಾರು ದಿನ ಮೊದಲು ನೀರು ಕಡಿಮೆ ಮಾಡಿದರೆ ಸಸಿ ಗಟ್ಟಿಯಾಗುತ್ತದೆ. ಸಂಜೆ ಹೊತ್ತು ನಾಟಿ ಮಾಡಿ.

ಕೋಸಿನ ಬೀಜ ಗ್ರಾಂಗೆ ಸುಮಾರು 300 ಇರುತ್ತವೆ. ಹತ್ತು ಗ್ರಾಂ ಪೊಟ್ಟಣ ಒಂದು ಮನೆಗೆ ದಂಡ. ಸಂಘಕ್ಕೆ ಹಾಲು ಹಾಕಲು ಬರುವ ಹತ್ತು ಮನೆಯವರು ಸೇರಿ ಒಂದೊಂದು ಪೊಟ್ಟಣ ತಂದು ಒಂದೇ ಕಡೆ ಒಟ್ಟಲು ಬಿಟ್ಟು ಸಸಿ ಹಂಚಿಕೊಳ್ಳಬಹುದು. ಹಾಲನ್ನು ಒಟ್ಟುಗೂಡಿಸುವ ನಮಗೆ ಇದೇನೂ ದೊಡ್ಡ ಕೆಲಸವಲ್ಲ. ಕೆಂಪು, ನೀಲಿ ಬಣ್ಣ ಬಳಿದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ. ಉಳಿದದ್ದನ್ನು ಕೋಳಿಗಾಗಲೀ ಕರುವಿಗಾಗಲೀ ಹಾಕಬಾರದು.

ಕೊಟ್ಟಿಗೆಯಿಂದ ಹಿತ್ತಲಿಗೆ

ಹಸಿ ಸಗಣಿಯನ್ನು ನೇರವಾಗಿ ಮಡಿಗೆ ಹಾಕಬೇಡಿ. ಕಾವಿಗೆ ಬೇರು ಸುಡುತ್ತದೆ, ಗೊಣ್ಣೆ ಹುಳು ಸೇರಿಕೊಳ್ಳುತ್ತದೆ, ಕಳೆ ಬೀಜವೂ ಬರುತ್ತದೆ. ತಿಪ್ಪೆಯ ಅಡಿಭಾಗದ, ಕಪ್ಪಾಗಿ ಪುಡಿಯಾಗುವ, ವಾಸನೆಯಿಲ್ಲದ ಗೊಬ್ಬರವನ್ನು ನಾಟಿಗೆ ಎರಡು ವಾರ ಮೊದಲು ಮಣ್ಣಿಗೆ ಸೇರಿಸಿ. ಗೋಬರ್ ಗ್ಯಾಸ್ ಇರುವವರು ಹೊರಬರುವ ಬಗ್ಗಡವನ್ನು ಒಣಗಿಸಿ ಬಳಸಬಹುದು. ಗಂಜಲಕ್ಕೆ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಿದರೆ ಯೂರಿಯಾ ಬೇಕಾಗಿಯೇ ಇಲ್ಲ. ಹಸುಗಳು ಗೋದಲಿಯಲ್ಲಿ ಬಿಟ್ಟ ಕಡ್ಡಿ ಕಸವನ್ನು ಗಿಡಗಳ ನಡುವೆ ಹರಡಿ, ನೀರು ಉಳಿಯುತ್ತದೆ.

ಕೊಟ್ಟಿಗೆ ತೊಳೆದ ನೀರು ಗಿಡದ ಬುಡಕ್ಕೆ ಹರಿಯಲಿ, ಎಲೆಯ ಮೇಲೆ ಬೀಳದಿರಲಿ. ಕೊತ್ತಂಬರಿ, ಕ್ಯಾರೆಟ್, ಮೂಲಂಗಿ ಮುಂತಾಗಿ ಹಸಿಯಾಗಿ ತಿನ್ನುವ ಬೆಳೆಗೆ ಈ ನೀರು ಬೇಡವೇ ಬೇಡ, ಅದಕ್ಕೆ ಒಳ್ಳೆಯ ನೀರನ್ನೇ ಕೊಡಿ.

ಇನ್ನೆರಡು ಮಾತು ಪಶುವೈದ್ಯನಾಗಿ ಹೇಳಲೇಬೇಕು. ಉಣ್ಣೆಗೆ ಔಷಧಿ ಹಚ್ಚಿದ ಅಥವಾ ಫಿನಾಯಿಲ್ ಹಾಕಿ ತೊಳೆದ ದಿನ ಆ ನೀರು ತೋಟಕ್ಕೆ ಹೋಗದಂತೆ ಕಾಲುವೆಗೆ ಅಡ್ಡ ಕಟ್ಟಿ, ಬೇರೆ ಕಡೆ ಇಂಗಲು ಬಿಡಿ. ಹಸು ಕಂದು ಹಾಕಿದ್ದರೆ ಆ ಕಂದು, ಕಸ, ಅದು ಬಿದ್ದ ಹುಲ್ಲನ್ನು ತಿಪ್ಪೆಗೆ ಎಸೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಬ್ರುಸೆಲ್ಲೋಸಿಸ್ ರೋಗದಿಂದ ಕಂದು ಹಾಕಿದ್ದರೆ ಆ ರೋಗಾಣು ಗೊಬ್ಬರದಲ್ಲಿ ಬಹುದಿನ ಬದುಕಿರುತ್ತದೆ, ಮನುಷ್ಯರಿಗೂ ಅಂಟುತ್ತದೆ. ತಿಪ್ಪೆಯಿಂದ ಬರಿಗೈಯಲ್ಲಿ ಗೊಬ್ಬರ ಎತ್ತಿ ಮಡಿಗೆ ಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು, ಬರಿಗೈಯಲ್ಲಿ ಮುಟ್ಟಬಾರದು.

ಹುಳುವಿಗೆ ಏನು ಮಾಡುವುದು?

ಕೋಸಿನ ಜಾತಿಗೆ ಎಲೆಯನ್ನು ತೂತು ತೂತು ಮಾಡುವ ಸಣ್ಣ ಹಸಿರು ಹುಳು ಬಂದೇ ಬರುತ್ತದೆ. ಔಷಧಿ ಡಬ್ಬಕ್ಕೆ ಕೈ ಹೋಗುವುದು ಇಲ್ಲಿಯೇ. ಕೋಸು ನಾಟಿಗೆ 15 ದಿನ ಮೊದಲು ಮಡಿಯ ಎರಡು ಅಂಚಿಗೂ ಸಾಸಿವೆ ಬಿತ್ತಿ, ನಾಟಿಯಾದ 25 ದಿನಕ್ಕೆ ಪಕ್ಕದಲ್ಲಿ ಇನ್ನೊಂದು ಸಾಲು ಬಿತ್ತಿ. ಚಿಟ್ಟೆಗಳು ಕೋಸನ್ನು ಬಿಟ್ಟು ಸಾಸಿವೆಗೆ ಮುತ್ತಿ ಮೊಟ್ಟೆ ಇಡುತ್ತವೆ. ಹುಳು ತುಂಬಿದ ಸಾಸಿವೆಯನ್ನು ಕಿತ್ತು ಹೂಳಿಬಿಡಿ. ಟೊಮೆಟೊ ಕಾಯಿಕೊರಕಕ್ಕೆ ಇದೇ ರೀತಿ ಚೆಂಡು ಹೂವಿನ ಸಾಲು, ಹಬ್ಬಕ್ಕೆ ಹೂವೂ ಆಯಿತು.

ಜೂನ್, ಜುಲೈನಲ್ಲಿ ಆರಿಸಿಟ್ಟ ಬೇವಿನ ಬೀಜದ ತಿರುಳು ಅರ್ಧ ಕೆಜಿ ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ಹತ್ತು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ ಸಾಕು. ಸಸ್ಯಹೇನಿಗೆ ಬೆಳಗಿನ ಇಬ್ಬನಿ ಆರುವ ಮೊದಲು ಒಲೆ ಬೂದಿ ಎರಚುವುದು ನಮ್ಮ ಅಜ್ಜಿಯರ ಉಪಾಯ, ಮೂವತ್ತು ಗಿಡಕ್ಕೆ ಅದೂ ನಡೆಯುತ್ತದೆ. ಇಷ್ಟಾದರೂ ಒಂದೆರಡು ಕೋಸು ಹುಳುವಿನ ಪಾಲಾಗುತ್ತದೆ, ಆಗಲಿ.

ಹೊಲಕ್ಕೆ ತಂದ ಔಷಧಿ ಹಿತ್ತಲಿಗೆ ಬರಕೂಡದು. ಮಾನೋಕ್ರೋಟೋಫಾಸ್ ಅನ್ನು ತರಕಾರಿಗೆ ಬಳಸುವುದನ್ನು ಸರ್ಕಾರ 2005ರಲ್ಲೇ ನಿಷೇಧಿಸಿತು. ಎಂಡೋಸಲ್ಫಾನ್ ಅನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಆದರೂ ಅಟ್ಟದ ಮೇಲೆ ಹಳೆಯ ಡಬ್ಬ ಇಟ್ಟವರಿದ್ದಾರೆ. ಖಾಲಿ ಡಬ್ಬವನ್ನು ತೊಳೆದು ಕಲಗಚ್ಚಿಗೆ ಇಟ್ಟವರನ್ನೂ ಕಂಡಿದ್ದೇನೆ. ಎಷ್ಟು ತೊಳೆದರೂ ಅದು ದನಕ್ಕೆ, ಹಾಲಿಗೆ ಬಳಸುವ ಪಾತ್ರೆಯಲ್ಲ.

ಹಿತ್ತಲಿನಿಂದ ಗೋದಲಿಗೆ

ವಿಷ ಹೊಡೆಯದ ತೋಟದ ಎಲೆ ಹಸುವಿಗೆ ಒಳ್ಳೆಯದೇ. ಹುರುಳಿಕಾಯಿ ಬಳ್ಳಿ, ಕ್ಯಾರೆಟ್ ಸೊಪ್ಪು, ಮೂಲಂಗಿ ಸೊಪ್ಪು, ಕೋಸಿನ ಹೊರ ಎಲೆ ಎಲ್ಲವೂ ಸಲ್ಲುತ್ತದೆ. ಆದರೆ ಹಸಿದ ಹೊಟ್ಟೆಗೆ ರಾಶಿ ಕೋಸಿನ ಎಲೆ ಸುರಿದರೆ ಹೊಟ್ಟೆ ಉಬ್ಬರ ಖಚಿತ. ಮೊದಲು ಒಣ ಹುಲ್ಲು, ಆಮೇಲೆ ಎಲೆ. ಒಂದು ಸಲಕ್ಕೆ ಎರಡು ಮೂರು ಕೆಜಿ, ದಿನಕ್ಕೆ ಐದಾರು ಕೆಜಿ ಮೀರದಿರಲಿ. ಹಾಲು ಕರೆದ ಮೇಲೆಯೇ ಹಾಕಿ. ಕರೆಯುವ ಮುಂಚೆ ಕೋಸು, ಈರುಳ್ಳಿ ಸೊಪ್ಪು ತಿಂದ ಹಸುವಿನ ಹಾಲಿಗೆ ಅದರ ವಾಸನೆ ಇಳಿಯುತ್ತದೆ, ಸಂಘದಲ್ಲಿ ಮೂಸಿ ನೋಡಿದಾಗ ಕಾರ್ಯದರ್ಶಿಯವರ ಮೇಲೆ ಸಿಟ್ಟಾಗಿ ಫಲವಿಲ್ಲ. ಈರುಳ್ಳಿ ಹೆಚ್ಚಾದರೆ ರಕ್ತವೇ ಒಡೆದು ಹಸು ಬಿಳಿಚಿಕೊಳ್ಳುತ್ತದೆ. ಬೀಟ್‌ರೂಟ್ ಸೊಪ್ಪನ್ನು ಒಂದು ದಿನ ಬಾಡಿಸಿ ಸ್ವಲ್ಪವೇ ಕೊಡಿ. ಟೊಮೆಟೊ ಗಿಡ, ಹಸಿರು ತಿರುಗಿದ ಆಲೂಗಡ್ಡೆ ಬೇಡ.

ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಯನ್ನು ಇಡಿಯಾಗಿ ಎಸೆಯಬೇಡಿ, ಸಣ್ಣಗೆ ಕೊಚ್ಚಿ ಹಾಕಿ. ಹಸು ಅಗಿಯದೆ ನುಂಗುತ್ತದೆ, ಗಡ್ಡೆ ಗಂಟಲಲ್ಲಿ ಕೂರುತ್ತದೆ, ಗಂಟೆಯೊಳಗೆ ಹೊಟ್ಟೆ ತಮಟೆಯಂತಾಗುತ್ತದೆ. ಆಗ ಗೊಟ್ಟದಲ್ಲಿ ಎಣ್ಣೆಯನ್ನೋ ನೀರನ್ನೋ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೋಲು ತುರುಕಬೇಡಿ. ತಕ್ಷಣ ವೈದ್ಯರನ್ನು ಕರೆಯಿರಿ.

ಸಂತೆಯಲ್ಲಿ ಪುಕ್ಕಟೆ ಸಿಗುವ ಕೋಸಿನ ಎಲೆಗೆ ಯಾವ ದಿನ ಏನು ಹೊಡೆದಿದ್ದಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಹಸುವಿಗೆ ಹಾಕಬೇಡಿ. ಜೊಲ್ಲು, ನಡುಕ ಕಂಡರೆ ಉಳಿದ ಮೇವನ್ನು ಗೋದಲಿಯಿಂದ ತೆಗೆದು, ತಿಂದ ಎಲೆ ಮತ್ತು ಔಷಧಿ ಡಬ್ಬವನ್ನು ವೈದ್ಯರಿಗೆ ತೋರಿಸಲು ಎತ್ತಿಡಿ, ಬಾಯಿಗೆ ಏನನ್ನೂ ಹಾಕಬೇಡಿ. ಚೇತರಿಸಿಕೊಂಡ ಹಸುವಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೂ ಹಾಕಬಾರದು, ಮಕ್ಕಳಿಗೂ ಕೊಡಬಾರದು.

ಆ ಮನೆಯವರು ಮರುವರ್ಷ ಹಿತ್ತಲು ಮಾಡಲಿಲ್ಲ. ಅದರ ಮುಂದಿನ ವರ್ಷ ಆ ತಾಯಿಯೇ ಸಾಸಿವೆ ಬೀಜ ಕೇಳಲು ಸಂಘಕ್ಕೆ ಬಂದಿದ್ದರು. ಯಜಮಾನರು ಔಷಧಿ ಪಂಪನ್ನು ಹೊಲದ ಶೆಡ್ಡಿನಲ್ಲೇ ಇಟ್ಟು ಬೀಗ ಹಾಕುತ್ತಾರಂತೆ.

ಮಾಘ ಕಳೆದು ಬಿಸಿಲೇರಿದ ಮೇಲೆ ಕೋಸಿನ ಬುಡಗಳನ್ನು ಬೇರು ಸಹಿತ ಕಿತ್ತು ತಿಪ್ಪೆಗೆ ಹಾಕಿ. ಮಡಿಗಳನ್ನು ಖಾಲಿ ಬಿಡುವ ಬದಲು ಅಲಸಂದೆಯನ್ನೋ ಆಫ್ರಿಕನ್ ಟಾಲ್ ಮುಸುಕಿನ ಜೋಳವನ್ನೋ ದಟ್ಟವಾಗಿ ಬಿತ್ತಿದರೆ ಅದೇ ಕೊಟ್ಟಿಗೆ ನೀರಿಗೆ ಎರಡು ತಿಂಗಳಲ್ಲಿ, ಹಸಿರು ಮೇವು ಎಲ್ಲೂ ಸಿಗದ ಹೊತ್ತಿಗೆ, ಕೊಯ್ಲಿಗೆ ಬರುತ್ತದೆ. ಮುಂದಿನ ಉತ್ತರೆಗೆ ಕೋಸನ್ನು ಅದೇ ಮಡಿಗೆ ಹಾಕದೆ ಹುರುಳಿಕಾಯಿ ಇದ್ದ ಮಡಿಗೆ ಬದಲಾಯಿಸಿ.